ಕರಿ ಒಂದರಲ್ಲಿ ಹಾಡಿದ ಸಿದರಾಯ

ಸಿದರಾಯ ಮುತ್ನಾಳ ಕಳೆದ ಮಂಗಳವಾರ ಬೆಳಗ್ಗೆ ಖಾನಾಪುರದ ತನ್ನ ಮನೆಯಲ್ಲಿ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ಅವನಿಗೆ ಐವತ್ತೊಂದು ವರ್ಷ. ಅವನು ಹಾಡಿದಾಗಲೆಲ್ಲ ಪಕ್ಕದಲ್ಲಿ ಕುಳಿತು ಹಾರ್ಮೋನಿಯಂ ನುಡಿಸಿದವನು ನಾನು.

ಎಪ್ಪತ್ತರ ದಶಕದ ಆರಂಭದಲ್ಲಿ ಅವನ ಆರ್ಕೆಸ್ಟ್ರಾ ಇಲ್ಲದೆ ಬೆಳಗಾವಿಯ ಗಣಪತಿ ಹಬ್ಬ ಮುಗಿಯುತ್ತಿರಲಿಲ್ಲ. ಒಂದು ಓಣಿಯಲ್ಲಿ ಕನ್ನಡ, ಮುಂದಿನ ಓಣಿಯಲ್ಲಿ ಮರಾಠಿ. ಎಲ್ಲವೂ ಬಿಳಿ ನಾಲ್ಕರಲ್ಲಿ. ಹಾರ್ಮೋನಿಯಂನ ನಾಲ್ಕನೆಯ ಬಿಳಿ ಪಟ್ಟಿಯನ್ನು ಷಡ್ಜವಾಗಿ ಹಿಡಿದು ಹಾಡಲು ಹೆಚ್ಚಿನ ಗಂಡಸರಿಗೆ ಆಗುವುದಿಲ್ಲ. ಆ ಎತ್ತರವೇ ಅವನ ಹೆಮ್ಮೆ. 1972ರಲ್ಲಿ ಎರಡು ಹಾಡುಗಳ ರೆಕಾರ್ಡು ಬಂದು ಹೋಟೆಲುಗಳಲ್ಲೆಲ್ಲ ಸವೆಯುವಷ್ಟು ತಿರುಗಿತು.

1976ರಲ್ಲಿ ಗಂಟಲಿನ ಗಂಟು ತೆಗೆಸಿದ. ದನಿ ಉಳಿಯಿತು, ಎತ್ತರ ಹೋಯಿತು. ಆರ್ಕೆಸ್ಟ್ರಾ ಬಿಟ್ಟು ಖಾನಾಪುರದ ಒಂದು ಹಂಚಿನ ಕಾರ್ಖಾನೆ ಸೇರಿದ. ಭಟ್ಟಿಯಿಂದ ಬಂದ ಒಂದೊಂದು ಹಂಚನ್ನೂ ಬೆರಳಿನ ಗೆಣ್ಣಿನಿಂದ ಬಡಿದು, ಸದ್ದು ಕೇಳಿ, ಸೀಳಿದ್ದನ್ನು ಬೇರೆ ಇಡುವ ಕೆಲಸ. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಸಿಗುತ್ತಿತ್ತು. ಒಂಬತ್ತು ವರ್ಷ ಯಾರೆದುರೂ ಹಾಡಲಿಲ್ಲ. ಬೆಳಗಾವಿಯ ಹಿಂದವಾಡಿಯಲ್ಲಿ ಮಾಸ್ತರನಾಗಿದ್ದ ನಾನು ಹೋದಾಗಲೆಲ್ಲ ಹಾಡಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

1985ರ ಬೇಸಿಗೆಯಲ್ಲಿ ಅವನ ಹೆಂಡತಿ ಮಾಯಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

"ಮಾಸ್ತರ್ರ, ಮುಂಜಾನೆ ಬಾವಿ ಕಡೆ ಕುಂತು ಹಾಡತಾರ್ರಿ. ಕೆಳಗಿನ ದನೀಲೆ. ನಾ ಕೇಳಾಕತ್ತೀನಿ ಅಂತ ಗೊತ್ತಾದ್ರ ಬಾಯಿ ಮುಚ್ಚತಾರ."

ಮರುದಿನ ಹಾರ್ಮೋನಿಯಂ ಹೊತ್ತುಕೊಂಡು ಹೋದೆ. ಏನೂ ಕೇಳದೆ ಬಾವಿಯ ಪಕ್ಕ ಕುಳಿತು ಸ್ವರ ಹಿಡಿದೆ; ಈ ಸಲ ಅವನು ಎದ್ದು ಹೋಗಲಿಲ್ಲ, ಹಾಡಿದ. ದನಿ ಕರಿ ಒಂದರಲ್ಲಿ, ಅಂದರೆ ಮೊದಲಿಗಿಂತ ಎರಡು ಸ್ವರ ಕೆಳಗೆ, ಬಂದು ಕುಳಿತಿತ್ತು. ಎಂಟು ಹೊಸ ಹಾಡು ಕಟ್ಟಿಕೊಂಡಿದ್ದ. ಹಿಂದವಾಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಈರಣ್ಣ ಆಗಷ್ಟೇ ಕ್ಯಾಸೆಟ್ ತೆಗೆಯಲು ಶುರು ಮಾಡಿದ್ದ. ಅವನ ಅಟ್ಟದ ಕೋಣೆಯಲ್ಲಿ ಗೋಡೆಗೆ ಗೋಣಿತಟ್ಟು ಹೊಡೆದು ನಾಲ್ಕು ದಿನ ಹಾಡಿದೆವು.

ಐದನೆಯ ದಿನ ಈರಣ್ಣ ಟೇಪು ಹಾಕಿ ಕೇಳಿಸಿದ. ಟೇಪು ವೇಗವಾಗಿ ಓಡಿ ದನಿ ಮೇಲೇರಿತ್ತು. ಸಿದರಾಯ ಅರ್ಧ ಹಾಡಿಗೇ ಕೈ ಎತ್ತಿದ.

"ಈರಣ್ಣ, ಮೋಟಾರ ಜೋರ ಮಾಡೀಯೇನು?"

"ಒಂಚೂರ ಅಷ್ಟ ರೀ, ಸಿದರಾಯಣ್ಣ. ಮಂದಿಗೆ ಹಳೇ ದನಿ ಬೇಕು. ಇದನ್ನ ಹಂಗ ಬಿಟ್ರ, ಸಿದರಾಯ ಬರಲಿಲ್ಲಂತ ಅವರಪ್ಪ ಬಂದು ಹಾಡ್ಯಾನ ಅಂತಾರ."

"ಸೀಳೇತಿ ಇದು. ಬಾಜೂಕ ಇಡು."

"ಹಾಡಿನ್ಯಾಗ ಏನ ಸೀಳತೈತ್ರಿ?"

"ಉಸಿರು. ನಾ ನಿಂತು ಉಸಿರು ತಗೊಂಡಲ್ಲೆ ಅದು ಓಡತೈತಿ. ಇದನ್ನ ಕೇಳಿ ನಾಳೆ ಹಾಡಾಕ ಕರದ್ರ, ಮಂದಿ ಮುಂದ ಯಾವ ಬಾಯೀಲೆ ಹಾಡಲಿ? ನನ್ನ ದನಿ ಬರಲಿ, ಇಲ್ಲಾಂದ್ರ ಕ್ಯಾಸೆಟ್ಟೇ ಬ್ಯಾಡ."

ಮಾತು ಗಟ್ಟಿಯಾಗಿತ್ತು. ಆದರೆ ಇದು ಕೈತಪ್ಪಿದರೆ ಮತ್ತೆ ಹಾಡಲು ಯಾರೂ ಕರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಈರಣ್ಣ ಒಂದು ಷರತ್ತು ಹಾಕಿದ. ಖಾನಾಪುರ ರಸ್ತೆಯ ಪೀರನವಾಡಿಯ ಚಹಾದ ಅಂಗಡಿಯಲ್ಲಿ ಒಂದು ದಿನ ಆ ಇಳಿದ ದನಿಯನ್ನೇ ಹಾಕೋಣ, ಯಾರೂ ವಿಚಾರಿಸದಿದ್ದರೆ ಟೇಪು ಅಟ್ಟದಲ್ಲೇ ಉಳಿಯಲಿ. ಸಿದರಾಯ ಒಪ್ಪಿದ. ಆ ದಿನ ಅಂಗಡಿಯ ಹಿಂದೆ, ರಸ್ತೆಗೆ ಬೆನ್ನು ಮಾಡಿ ಕುಳಿತ.

ಹತ್ತು ಗಂಟೆಗೆ ಖಾನಾಪುರದಿಂದ ಬೆಳಗಾವಿಗೆ ಹೋಗುವ ಬಸ್ಸು ಬಂದು ನಿಂತಿತು. ಡ್ರೈವರ ಚಹಾ ಮುಗಿಸಿ ಖಾಲಿ ಗ್ಲಾಸು ಹಿಡಿದೇ ನಿಂತ.

"ಹೋಗೂಣ ಬರ್ರಿ ಸಾಹೇಬ್ರ," ಎಂದ ಕಂಡಕ್ಟರ.

"ಹಾಡ ಮುಗೀಲಿ ತಡಿಯಪಾ. ಬೆಳಗಾವಿ ಎಲ್ಲಿ ಓಡಿ ಹೊಕ್ಕೈತಿ?"

ಕಿಟಕಿಯಿಂದ ಯಾರೋ ಕೇಳಿದರು: "ಇದು ನಮ್ಮ ಸಿದರಾಯಂದ ದನಿ ಅಲ್ಲೇನು? ಎಲ್ಲಿ ಅದಾನ ಆಂವಾ?"

ನಾನು ಅಂಗಡಿಯ ಹಿಂದಕ್ಕೆ ಹೋದೆ. ಅವನು ಟವೆಲಿನಿಂದ ಮುಖ ಮುಚ್ಚಿಕೊಂಡಿದ್ದ. ಸಂಜೆಯೊಳಗೆ ಹತ್ತಾರು ಜನ ಕ್ಯಾಸೆಟ್ ಎಲ್ಲಿ ಸಿಗುತ್ತದೆಂದು ವಿಚಾರಿಸಿ ಹೋದರು. ಈರಣ್ಣ ತನ್ನ ಮಾತು ಉಳಿಸಿಕೊಂಡ.

'ಇಳಿಹೊತ್ತು' ಎಂಬ ಆ ಕ್ಯಾಸೆಟ್ ದೀಪಾವಳಿಯೊಳಗೆ ಮುಗಿದು ಮತ್ತೆ ಅಚ್ಚಾಯಿತು. ಧಾರವಾಡದಿಂದ, ಕೊಲ್ಹಾಪುರದಿಂದ ಬೇಡಿಕೆ ಬಂತು. ಮುಂದಿನ ಗಣಪತಿ ಹಬ್ಬದಲ್ಲಿ ಏಳು ಮಂಟಪಗಳಲ್ಲಿ ಹಾಡಿದ. ಹಳೆಯ ದಿನಗಳಲ್ಲಿ ಕಾಣದ ಒಂದು ಸಂಗತಿ ಅಲ್ಲಿ ಕಂಡಿತು: ಕುಳಿತವರೆಲ್ಲ ಅವನ ಜೊತೆಗೆ ಹಾಡುತ್ತಿದ್ದರು. ಕಾರ್ಖಾನೆಯಲ್ಲಿ ಹಂಚು ಹೊರುವ ಸಾವಂತ್ರವ್ವ ಅದರ ಕಾರಣವನ್ನು ಅವನ ಮುಖದ ಮೇಲೇ ಹೇಳಿದಳು.

"ಆವಾಗ ನೀ ಹಾಡಿದ್ರ ಬಾಯಿ ತಕ್ಕೊಂಡು ಕೇಳತಿದ್ವೋ ಯಣ್ಣಾ. ಈಗ ನಮಗೂ ಹಾಡಾಕ ನಿಲಕತೈತಿ."

ಎಷ್ಟೋ ಸನ್ಮಾನಗಳಾದವು. ಈ ಮಾತು ಹೇಳಿಕೊಂಡಷ್ಟು ಹೆಮ್ಮೆಯಿಂದ ಅವನು ಬೇರೆ ಯಾವುದನ್ನೂ ಹೇಳಿಕೊಳ್ಳಲಿಲ್ಲ.

ಅವನು ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಕಾರ್ಖಾನೆಯ ಹೊಸ ಭಟ್ಟಿಗೆ ಪೂಜೆ ಇತ್ತು. ಊಟವಾದ ಮೇಲೆ ಹೆಣ್ಣುಮಕ್ಕಳು ಹಾಡು ಕೇಳಿದರು. ಅವನು ಶುರು ಮಾಡಿದ, ಅವರೂ ಕೂಡಿಕೊಂಡರು. ಮೇಲಿನ ಸಾಲಿನಲ್ಲಿ ಸಾವಂತ್ರವ್ವನ ದನಿ ಒಡೆಯಿತು. ಅವಳು ಸೆರಗು ಬಾಯಿಗೆ ಹಿಡಿದು ನಕ್ಕು ಸುಮ್ಮನಾದಳು. ಸಿದರಾಯ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದ.

"ಮಾಸ್ತರ, ಬಿಳಿ ಒಂದಕ್ಕ ಬರ್ರಿ. ನಮ್ಮ ಸಾವಂತ್ರವ್ವಗ ಮುಟ್ಟವಲ್ದು."

ನಾನು ಅರ್ಧ ಸ್ವರ ಇಳಿಸಿದೆ. ಅವನು ಅವಳಿಗೆ ಕೈ ಮಾಡಿ ಕರೆದು, ಹಾಡನ್ನು ಮೊದಲಿನಿಂದ ಎತ್ತಿಕೊಂಡ.