ಎಂಟನೆಯ ಹೆಸರು

ಡೆಸ್ಮಂಡ್ ಪ್ರೋಸರ್ ಇಪ್ಪತ್ನಾಲ್ಕು ವರ್ಷದಿಂದ ಪಂಚಾಯಿತಿ ಸದಸ್ಯನಾಗಿದ್ದರೂ ಅವನಿಗೆ ಒಬ್ಬರೂ ಒಂದು ಓಟು ಹಾಕಿರಲಿಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಬ್ರಾಕ್‌ಹೋಪ್ ಅನ್ನುವ ಆ ಊರಿನ ಪಂಚಾಯಿತಿಯಲ್ಲಿ ಇದ್ದದ್ದು ಏಳು ಕುರ್ಚಿ. ನಾಲ್ಕು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಚುನಾವಣೆ ಬಂದಾಗ ನಾಮಪತ್ರ ಹಾಕುವವರೂ ಏಳೇ ಮಂದಿ. ಒಂದೊಂದು ಸಲ ಆರೇ ಮಂದಿ ಸಿಕ್ಕಿ, ಏಳನೆಯವರನ್ನು ಗುಮಾಸ್ತೆ ಪಬ್ಬಿಗೆ ಹೋಗಿ ಹಿಡಿದು ತರುತ್ತಿದ್ದಳು. ಡೆಸ್ಮಂಡ್ ಮೊದಲ ಸಲ ಹಾಗೆ ಸಿಕ್ಕಿಬಿದ್ದವನೇ. ಆಗ ಅವನಿಗೆ ಹಾಲಿನ ಟ್ಯಾಂಕರ್ ಓಡಿಸುವ ಕೆಲಸ, ಗುಮಾಸ್ತೆ ಬಂದಾಗ ಕೈಯಲ್ಲಿ ಅರ್ಧ ಕುಡಿದ ಸೈಡರ್ ಲೋಟವಿತ್ತು. ಬೇಡ ಅನ್ನಲು ಅವನಿಗೆ ಬೇಗ ಮಾತು ಹೊಳೆಯಲಿಲ್ಲ.

ಹಾಗೆ ಬಂದವನು ಕೆಲಸಕ್ಕೆ ಮಾತ್ರ ಎಂದೂ ಹಿಂದೆ ಸರಿದವನಲ್ಲ. ಹೂಳು ತುಂಬಿದ ಚರಂಡಿ, ಹಿಮ ಬಿದ್ದಾಗ ರಸ್ತೆಗೆ ಎರಚುವ ಉಪ್ಪುಮರಳು, ಬಸ್ ನಿಲ್ದಾಣದ ಸೋರುವ ಮಾಡು, ನಾಯಿಗಳ ಹೊಲಸು ಹಾಕುವ ಡಬ್ಬಿ, ಎಲ್ಲಕ್ಕೂ ಅವನೇ ಓಡಾಡಿದ. ಊರಿನಲ್ಲಿ ಯಾರಾದರೂ ಹೊತ್ತಲ್ಲದ ಹೊತ್ತಿನಲ್ಲಿ ಹಿತ್ತಲಲ್ಲಿ ಕಸ ಸುಟ್ಟರೆ ಅಲ್ಲಿಯೂ ಅವನು ಹಾಜರು. ಜನ ಅವನನ್ನು ಕೌನ್ಸಿಲರ್ ಎಂದು ಕರೆಯುತ್ತಿದ್ದರು. ಅವನಿಗೆ ಅದು ತನ್ನ ಹೆಸರಿಗಿಂತ ರುಚಿಯಾಗಿ ಕೇಳುತ್ತಿತ್ತು. ಅಷ್ಟಕ್ಕೇ ತೃಪ್ತಿಪಟ್ಟು ಸುಮ್ಮನೆ ಕಾಲ ಕಳೆಯಬಹುದಿತ್ತು. ಆದರೆ ಅವನಿಗೊಬ್ಬ ಭಾವಮೈದನಿದ್ದ.

ಹೆಂಡತಿ ಓಲ್ವೆನ್‌ಳ ತಮ್ಮ ಐವರ್ ಗಾಫ್ ಗುಡ್ಡದ ಆಚೆ ಬದಿಯ ಊರಿನವನು. ಅಲ್ಲಿ ಮೊಬೈಲ್ ಗೋಪುರ ಬೇಕೋ ಬೇಡವೋ ಎಂದು ಊರು ಎರಡಾಗಿ, ನಿಜವಾದ ಚುನಾವಣೆಯೇ ನಡೆದುಹೋಯಿತು. ಐವರ್ ನಿಂತ, ಗೆದ್ದ. ನೂರ ಎಂಬತ್ತೇಳು ಓಟು. ಅವತ್ತಿನಿಂದ ಭಾನುವಾರದ ಊಟಕ್ಕೆ ಬಂದಾಗಲೆಲ್ಲ ಆ ನೂರ ಎಂಬತ್ತೇಳೂ ಅವನ ಜೊತೆಗೆ ಮೇಜಿಗೆ ಬಂದು ಕೂರುತ್ತಿದ್ದವು. ಹುರಿದ ಮಾಂಸದ ಮೇಲೆ ಗ್ರೇವಿ ಸುರಿದುಕೊಳ್ಳುತ್ತ ಅವನು ನನ್ನ ಜನ, ನನ್ನ ಓಟುದಾರರು ಎನ್ನುತ್ತಿದ್ದ. ಒಂದು ಸಲ, ಕೆಟ್ಟ ಮನಸ್ಸಿನಿಂದಲ್ಲ, ತಮಾಷೆಗೇ ಅಂದುಬಿಟ್ಟ:

"ನಿಂಗೇನ್ ಬಿಡು ಭಾವ, ಆರಾಮ. ಯಾರೂ ಬೇಡ ಅಂದಿಲ್ಲ, ಯಾರೂ ಬೇಕು ಅಂದೂ ಇಲ್ಲ."

ಡೆಸ್ಮಂಡ್ ನಕ್ಕ. ಆಲೂಗಡ್ಡೆ ಇನ್ನೊಂದು ಹಾಕಿಸಿಕೊಂಡ. ಹೊಟ್ಟೆಕಿಚ್ಚು ಅನ್ನುವುದು ಅವನಿಗೆ ಹೊಸದೇನೂ ಅಲ್ಲ. ಐವರ್‌ನ ಟ್ರ್ಯಾಕ್ಟರ್ ನೋಡಿ ಉರಿದುಕೊಂಡಿದ್ದ, ಐವರ್‌ನ ತಲೆಗೂದಲು ನೋಡಿಯೂ ಉರಿದುಕೊಂಡಿದ್ದ. ಆದರೆ ಇದು ಬೇರೆ. ಟ್ರ್ಯಾಕ್ಟರನ್ನಾದರೆ ಸಾಲ ಮಾಡಿ ಕೊಳ್ಳಬಹುದು. ನೂರ ಎಂಬತ್ತೇಳು ಜನ ಚಳಿಯಲ್ಲಿ ಕೋಟು ಹಾಕಿಕೊಂಡು ಹೊರಟು, ಪೆನ್ಸಿಲ್ ಹಿಡಿದು ನಿನ್ನ ಹೆಸರಿನ ಮುಂದೆ ಗುರುತು ಹಾಕುವುದು ಎಲ್ಲಿ ಮಾರಾಟಕ್ಕೆ ಸಿಗುತ್ತದೆ? ಅವನಿಗೆ ಅದೇ ಬೇಕಾಗಿತ್ತು. ತಾನು ಊರಿಗೆ ಬೇಕಾದವನು ಎಂದು ಊರೇ ಹೇಳಬೇಕು, ಎಣಿಸಿ ಹೇಳಬೇಕು.

ಮುಂದಿನ ಚುನಾವಣೆ ಬರುವ ವಸಂತದಲ್ಲಿ ಅವನು ಒಂದು ಉಪಾಯ ಹೂಡಿದ. ಏಳು ಕುರ್ಚಿಗೆ ಎಂಟನೆಯ ಹೆಸರೊಂದು ಬಂದರೆ ಸಾಕು, ಮತಪೆಟ್ಟಿಗೆ ಇಡಲೇಬೇಕು. ಆದರೆ ಆ ಎಂಟನೆಯವರು ಖಂಡಿತ ಸೋಲುವವರಾಗಿರಬೇಕು. ಯಾರು? ಊರಿಗೆ ಹೊಸದಾಗಿ ಬಂದವರನ್ನು ನಂಬುವ ಹಾಗಿಲ್ಲ, ಅವರು ಕರಪತ್ರ ಹಂಚಿಬಿಡುತ್ತಾರೆ. ಪಬ್ಬಿನವನನ್ನು ನಿಲ್ಲಿಸಿದರೆ ಕುಡುಕರೆಲ್ಲ ಅವನ ಕಡೆ. ವಾರವೆಲ್ಲ ತಲೆ ಕೆಡಿಸಿಕೊಂಡವನಿಗೆ ಒಂದು ಸಂಜೆ ಎದುರಿಗೇ ಕೂತು ಬಟಾಣಿ ಬಿಡಿಸುತ್ತಿದ್ದ ಹೆಂಡತಿ ಕಂಡಳು.

ಓಲ್ವೆನ್ ಊರ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಸಭೆಗೆ ಬಂದವಳಲ್ಲ, ಬಂದರೂ ಚಹಾ ಕೊಡಲು. ರಾಜಕೀಯ ಅಂದರೆ ರೇಡಿಯೋ ಆರಿಸುವವಳು. ಅವಳಿಗೆ ಯಾರು ಓಟು ಹಾಕುತ್ತಾರೆ ಎಂದು ಡೆಸ್ಮಂಡ್ ಲೆಕ್ಕ ಹಾಕಿದ. ಆದರೆ ಆ ಊರಿನ ನಲವತ್ತರ ಒಳಗಿನವರೆಲ್ಲ ಅವಳ ಸೌಟಿನ ಮುಂದೆ ತಟ್ಟೆ ಹಿಡಿದು ನಿಂತವರು ಅನ್ನುವುದು ಆ ಲೆಕ್ಕದಲ್ಲಿ ಸೇರಲಿಲ್ಲ. ತನ್ನ ಮನೆಯಲ್ಲಿ ಇರುವವರನ್ನು ಊರಿನವರು ಹೇಗೆ ಕಾಣುತ್ತಾರೆಂದು ಯಾವ ಗಂಡಸಿಗೆ ತಾನೇ ಗೊತ್ತಿರುತ್ತದೆ!

ಅವಳು ಮೊದಲು ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು.

"ಐವರ್ ಅಂದ ಮಾತಿಗಾ ಇಷ್ಟೆಲ್ಲ?"

ಅವನು ಅದಕ್ಕಲ್ಲ, ಪ್ರಜಾಪ್ರಭುತ್ವ ಎಂದರೆ ಜನಕ್ಕೆ ಆಯ್ಕೆ ಇರಬೇಕು ಎಂದೆಲ್ಲ ಹೇಳಿದ. ಅವಳು ಏನೂ ಮಾಡಬೇಕಾಗಿಲ್ಲ, ಮನೆಮನೆಗೆ ಹೋಗಬೇಕಾಗಿಲ್ಲ, ಹೆಸರು ಇದ್ದರೆ ಸಾಕು ಎಂದ. ಅವಳು ಬಟಾಣಿ ಸಿಪ್ಪೆಗಳನ್ನು ಗುಡ್ಡೆ ಮಾಡಿ ಆಯ್ತು ಎಂದಳು. ಪಕ್ಕದ ಮನೆಯ ಎಲ್ಸಿ ಪ್ರೀಸ್ ಅವಳ ಹೆಸರು ಸೂಚಿಸಿದಳು, ಎಲ್ಸಿಯ ಮಗಳು ಅನುಮೋದಿಸಿದಳು. ಕಾಗದವನ್ನು ಡೆಸ್ಮಂಡನೇ ಪೇಟೆಯಲ್ಲಿರುವ ಜಿಲ್ಲಾ ಕಚೇರಿಗೆ ಒಯ್ದು ಕೊಟ್ಟುಬಂದ.

ಊರಿನಲ್ಲಿ ಗುಲ್ಲೋ ಗುಲ್ಲು. ಇಷ್ಟು ವರ್ಷ ಸುಮ್ಮನಿದ್ದ ಊರಿಗೆ ಚುನಾವಣೆ ತಂದವನು ಯಾರು, ಏಕೆ ತಂದ ಎಂದು ಕಂಡುಹಿಡಿಯಲು ಬ್ರಾಕ್‌ಹೋಪಿನವರಿಗೆ ಒಂದು ಬೆಳಗ್ಗೆ ಸಾಕಾಯಿತು. ಅದರ ಖರ್ಚು ಪಂಚಾಯಿತಿಯ ತಲೆಗೇ ಬರುತ್ತದೆ, ಆಟದ ಬಯಲಿನ ಹೊಸ ಉಯ್ಯಾಲೆ ಮುಂದಿನ ವರ್ಷಕ್ಕೆ ಹೋಯಿತು ಎಂದು ಅಧ್ಯಕ್ಷೆ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಡೆಸ್ಮಂಡನಿಗೆ ಇದು ಕೇಳಿಸಿತು, ಆದರೆ ತಟ್ಟಲಿಲ್ಲ. ಅವನು ಆಗಲೇ ಮನೆಮನೆ ಸುತ್ತಲು ಶುರುಮಾಡಿದ್ದ.

ಆ ಸುತ್ತಾಟವೇ ಅವನಿಗೆ ಮೊದಲ ಏಟು. ಬಾಗಿಲು ತೆರೆದವರೆಲ್ಲ ಒಳ್ಳೆಯವರೇ, ಒಳಗೆ ಕರೆದು ಬಿಸ್ಕತ್ತು ಕೊಟ್ಟವರೂ ಇದ್ದರು. ಆದರೆ ಅವನು ಮಾಡಿದ ಒಂದೊಂದು ಒಳ್ಳೆಯ ಕೆಲಸವೂ ಯಾರೋ ಒಬ್ಬರ ಕಾಲು ತುಳಿದಿತ್ತು. ನಾಯಿಡಬ್ಬಿ ಎಲ್ಸಿ ಪ್ರೀಸಳ ಕಿಟಕಿಯ ಕೆಳಗೇ ಬಂದಿತ್ತು. ಚರಂಡಿ ಅಗೆದಾಗ ಒಬ್ಬರ ಬೇಲಿ ಬಿದ್ದಿತ್ತು. ಕಸ ಸುಡಬೇಡ ಅನ್ನಿಸಿಕೊಂಡವರು ಅದನ್ನು ಇನ್ನೂ ಮರೆತಿರಲಿಲ್ಲ. ಮಾತು ಮುಗಿದ ಮೇಲೆ ಪ್ರತಿ ಮನೆಯಲ್ಲಿಯೂ ಒಂದೇ ಪ್ರಶ್ನೆ: ಓಲ್ವೆನ್ ಹೇಗಿದ್ದಾಳೆ? ಅವಳು ನಿಂತಿದ್ದಾಳಂತೆ, ಒಳ್ಳೆಯದಾಯಿತು. ನನ್ನ ಮಗ ಬಟಾಣಿ ತಿನ್ನೋದಿಲ್ಲ ಅಂತ ಅವಳಿಗೆ ಇನ್ನೂ ನೆನಪಿದೆ ನೋಡಿ. ಡೆಸ್ಮಂಡ್ ಪ್ರತಿ ಸಲವೂ ಹೌದು ಹೌದು ಎಂದ. ಐವರ್‌ನ ಮೇಲಿದ್ದ ಉರಿ ಮೆಲ್ಲಗೆ ಸ್ವಂತ ಅಡುಗೆಮನೆಯ ಕಡೆ ತಿರುಗುತ್ತಿದ್ದದ್ದು ಅವನಿಗೇ ತಿಳಿಯುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಅವಳು ಬಡಿಸುವ ಕೈಯನ್ನು ನೋಡಿದರೂ ಅವನಿಗೆ ಸಿಡುಕು.

ಓಟಿನ ದಿನ ಇಬ್ಬರೂ ಜೊತೆಯಾಗಿಯೇ ಊರ ಸಭಾಂಗಣಕ್ಕೆ ಹೋದರು. ಮರೆಯಲ್ಲಿ ನಿಂತು ಡೆಸ್ಮಂಡ್ ಪೆನ್ಸಿಲ್ ಎತ್ತಿಕೊಂಡ. ಎಂಟು ಹೆಸರು, ಏಳು ಗುರುತು ಹಾಕಬಹುದು. ಜನ್ಮದಲ್ಲಿ ಮೊದಲ ಸಲ ತನ್ನ ಹೆಸರನ್ನು ಮತಪತ್ರದಲ್ಲಿ ಕಂಡು ಅದಕ್ಕೆ ಮೊದಲ ಗುರುತು ಹಾಕಿದ. ಆಮೇಲೆ ಉಳಿದವರಿಗೆ ಹಾಕುತ್ತ ಹೋದ, ತನಗೆ ಆಗದ ಅಧ್ಯಕ್ಷೆಗೂ ಹಾಕಿದ. ಕೊನೆಗೆ ಓಲ್ವೆನ್ ಪ್ರೋಸರ್ ಎಂಬ ಹೆಸರಿನ ಮುಂದಿನ ಚೌಕ ಒಂದೇ ಖಾಲಿ ಉಳಿಯಿತು. ಹೇಗೂ ಸೋಲಲೆಂದೇ ನಿಂತವಳು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಕಾಗದ ಮಡಿಸುವಾಗ ಅವನಿಗೆ ಆಗಿದ್ದು ಸಂತೋಷ, ಸಣ್ಣ ಕೆಟ್ಟ ಸಂತೋಷ.

ಎಣಿಕೆ ಮರುದಿನ, ಪೇಟೆಯ ವ್ಯಾಯಾಮಶಾಲೆಯಲ್ಲಿ. ಜಿಲ್ಲೆಯ ಎಲ್ಲ ಊರುಗಳ ಪೆಟ್ಟಿಗೆಗಳೂ ಅಲ್ಲಿಗೇ ಬರುತ್ತವೆ. ಉದ್ದನೆಯ ಮೇಜುಗಳ ಆಚೆ ಎಣಿಸುವವರು, ಈಚೆ ಕೈಕಟ್ಟಿ ನಿಂತು ನೋಡುವವರು. ಐವರ್ ಕೂಡ ತನ್ನೂರಿನ ಎಣಿಕೆಗೆ ಬಂದಿದ್ದ. ಬ್ರಾಕ್‌ಹೋಪಿನ ಕಾಗದಗಳನ್ನು ಮೇಜಿನ ಮೇಲೆ ಹರಡಿದಾಗ ಡೆಸ್ಮಂಡ್ ಕುತ್ತಿಗೆ ಚಾಚಿ ನೋಡಿದ. ಮೊದಲನೆಯ ಕಾಗದದಲ್ಲಿ ಏಳು ಗುರುತು, ಒಂದು ಖಾಲಿ. ಎರಡನೆಯದರಲ್ಲೂ ಏಳು ಗುರುತು, ಒಂದು ಖಾಲಿ. ಮೂರನೆಯದೂ ಹಾಗೇ. ಖಾಲಿ ಬಿಟ್ಟ ಜಾಗ ಒಂದೇ ಸಾಲಿನಲ್ಲಿತ್ತು, ಮೇಲಿನಿಂದ ಐದನೆಯದು. ಆ ಸಾಲಿನಲ್ಲಿ ಯಾರ ಹೆಸರಿದೆ ಎಂದು ಅವನು ಓದಬೇಕಾಗಿರಲಿಲ್ಲ.

ಆಗ ಅವನಿಗೆ ತಾನು ಮಾಡಿಕೊಂಡದ್ದು ಅರ್ಥವಾಯಿತು. ಏಳು ಕುರ್ಚಿಗೆ ಎಂಟು ಜನರನ್ನು ನಿಲ್ಲಿಸಿ ಅವನು ಊರನ್ನು ನಿಮಗೆ ಯಾರು ಬೇಕು ಎಂದು ಕೇಳಿರಲಿಲ್ಲ. ಇವರಲ್ಲಿ ಯಾರೊಬ್ಬರು ಬೇಡ ಎಂದು ಕೇಳಿದ್ದ. ಊರು ಸರಿಯಾಗಿಯೇ ಓದಿಕೊಂಡು ಉತ್ತರ ಕೊಟ್ಟಿತ್ತು. ಕೆಟ್ಟವನೆಂದು ಅಲ್ಲ, ಒಬ್ಬರನ್ನು ಬಿಡಲೇಬೇಕಲ್ಲ, ಈ ತಲೆನೋವು ತಂದವನನ್ನೇ ಬಿಡೋಣ ಎಂದು. ಅಷ್ಟೂ ಜನ ಒಬ್ಬರನ್ನೊಬ್ಬರು ಕೇಳದೆ ಅದೇ ತೀರ್ಮಾನಕ್ಕೆ ಬಂದಿದ್ದರು. ಪಕ್ಕದಲ್ಲಿ ಓಲ್ವೆನ್ ಕೈಚೀಲವನ್ನು ಎದೆಗೆ ಒತ್ತಿಕೊಂಡು ತನ್ನ ಸಾಲನ್ನು ನೋಡುತ್ತಿದ್ದಳು. ಅದರಲ್ಲಿ ಖಾಲಿಯೇ ಇರಲಿಲ್ಲ ಅನ್ನಬೇಕು.

ಫಲಿತಾಂಶ ಓದಿದಾಗ ಅವಳು ಎಲ್ಲರಿಗಿಂತ ಮೊದಲು, ಅವನು ಎಲ್ಲರಿಗಿಂತ ಕೊನೆ. ಅವಳ ಸಂಖ್ಯೆ ಐವರ್‌ನ ನೂರ ಎಂಬತ್ತೇಳನ್ನೂ ದಾಟಿ ಹೋಗಿತ್ತು. ಐವರ್ ಬಂದು ಅಕ್ಕನನ್ನು ತಬ್ಬಿಕೊಂಡ. ಭಾವನ ಹೆಗಲ ಮೇಲೆ ಕೈಯಿಟ್ಟು ಏನೋ ಅನ್ನಲು ಹೋಗಿ, ಮುಖ ನೋಡಿ ಸುಮ್ಮನಾದ. ಜೀವಮಾನದಲ್ಲಿ ಮೊದಲ ಸಲ ಅವನು ತಮಾಷೆ ಮಾಡಲಿಲ್ಲ. ಆ ಮರುಕ ಡೆಸ್ಮಂಡನಿಗೆ ತಮಾಷೆಗಿಂತ ಹೆಚ್ಚು ಚುಚ್ಚಿತು.

ಇಬ್ಬರೂ ಕಾರಿನಲ್ಲಿ ಮನೆಗೆ ಹೊರಟರು. ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಸಾಗುತ್ತಿತ್ತು, ದಾಟಿ ಹೋಗಲು ಜಾಗವಿರಲಿಲ್ಲ. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ.

"ನೀನು ಯಾರನ್ನ ಬಿಟ್ಟೆ?"

"ನನ್ನನ್ನೇ ಬಿಟ್ಟೆ," ಎಂದಳು ಓಲ್ವೆನ್. "ಸೋಲಕ್ಕೆ ತಾನೇ ನಿಂತಿದ್ದು ನಾನು."

ನೀನು ಯಾರನ್ನು ಬಿಟ್ಟೆ ಎಂದು ಅವಳು ತಿರುಗಿ ಕೇಳಲಿಲ್ಲ. ಕೇಳಿದ್ದರೆ ಅವನು ಸುಳ್ಳಾದರೂ ಹೇಳುತ್ತಿದ್ದ. ಕೇಳದೆ ಇದ್ದದ್ದರಿಂದ ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಮತ್ತೆ ಹೊಟ್ಟೆಕಿಚ್ಚು. ಇವಳಿಗೆ ಓಟೂ ಬಂತು, ಒಳ್ಳೆಯತನವೂ ಇವಳದೇ ಆಯಿತು, ನನಗೆ ಉಳಿದದ್ದೇನು ಎಂದು. ಟ್ರ್ಯಾಕ್ಟರ್ ಇನ್ನೂ ಮುಂದೆಯೇ ಇತ್ತು. ಅವನು ರಸ್ತೆಯನ್ನೇ ನೋಡುತ್ತ, ಅವಳು ರಾಜೀನಾಮೆ ಕೊಟ್ಟರೆ ಒಂದು ಜಾಗ ಖಾಲಿಯಾಗುತ್ತದೆ, ಖಾಲಿ ಜಾಗಕ್ಕೆ ಪಂಚಾಯಿತಿಯವರೇ ಒಬ್ಬರನ್ನು ಸೇರಿಸಿಕೊಳ್ಳಬಹುದು ಎಂದು ನಿಯಮ ಹೇಳತೊಡಗಿದ. ಯಾರೋ ಬೇರೆಯವರ ವಿಷಯ ಹೇಳುವವನಂತೆ ಹೇಳಿದ.

ಓಲ್ವೆನ್ ಅವನ ಕಡೆ ತಿರುಗಿದಳು. "ಆಗ್ಲೂ ನಿಂಗೆ ಯಾರೂ ಓಟು ಹಾಕಿರಲ್ಲ, ಡೆಸ್. ಮತ್ತೆ ಅದೇ ಕುರ್ಚಿ. ಬೇಕಾ?"

"ಬೇಕು."

ಅವನು ಅದನ್ನು ಹೇಳಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ಅವಳು ಮಡಿಲಲ್ಲಿದ್ದ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿ ಮಾಡಿದಳು. ಮದುವೆಯಾದಂದಿನಿಂದ ಅವನು ಬೇಕು ಅಂದದ್ದಕ್ಕೆ ಅವಳು ಇಲ್ಲ ಅಂದದ್ದು ಕಡಿಮೆ.

"ಕೊಡಲ್ಲ ಮಾರಾಯ," ಎಂದಳು ಮೆಲ್ಲಗೆ. "ಇಷ್ಟು ವರ್ಷ ನಿಂಗೆ ಯಾರೂ ಓಟು ಹಾಕ್ಲಿಲ್ಲ ಅಂತ ಕೊರಗ್ತಾ ಇದ್ಯಲ್ಲ, ಅಷ್ಟೂ ವರ್ಷ ಈ ಮನೇಲಿ ನಂಗೆ ಯಾರ್ ಹಾಕಿದ್ರು?"

ಅವನಿಗೆ ಉತ್ತರ ಗೊತ್ತಿತ್ತು. ನಿನ್ನೆ ಒಂದು ಓಟು ಹಾಕುವ ಅವಕಾಶ ಅವನ ಕೈಯಲ್ಲೇ ಇತ್ತು, ಪೆನ್ಸಿಲ್ ಸಮೇತ. ಟ್ರ್ಯಾಕ್ಟರ್ ಒಂದು ಗದ್ದೆಯ ಗೇಟಿನ ಕಡೆ ಹೊರಳಿತು, ದಾರಿ ತೆರವಾಯಿತು. ಆದರೂ ಅವನು ಕಾರನ್ನು ಅದೇ ನಿಧಾನದಲ್ಲಿ ಓಡಿಸಿದ.

ಊರಿನ ಅಂಗಡಿಯ ಮುಂದೆ ಎಲ್ಸಿ ಪ್ರೀಸ್ ಬುಟ್ಟಿ ಹಿಡಿದು ನಿಂತಿದ್ದಳು. ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತ್ತು. ಕಾರು ಕಂಡ ಕೂಡಲೇ ಅವಳು ಕೈ ಎತ್ತಿ, ಗುಡ್ ಆಫ್ಟರ್‌ನೂನ್ ಕೌನ್ಸಿಲರ್ ಎಂದು ಕೂಗಿದಳು. ಇಪ್ಪತ್ನಾಲ್ಕು ವರ್ಷದ ಅಭ್ಯಾಸ, ಸ್ಟೇರಿಂಗಿನ ಮೇಲಿದ್ದ ಡೆಸ್ಮಂಡನ ಕೈ ತಾನಾಗಿ ಮೇಲೆ ಹೋಯಿತು. ಎಲ್ಸಿ ನೋಡುತ್ತಿದ್ದದ್ದು ಅವನ ಕಡೆಯ ಕಿಟಕಿಯನ್ನಲ್ಲ. ಓಲ್ವೆನ್ ಕಾರು ನಿಲ್ಲಿಸಲು ಹೇಳಿ ಗಾಜು ಇಳಿಸಿ, ನಿನ್ನ ಕಿಟಕಿ ಕೆಳಗಿನ ಆ ಡಬ್ಬಿ ವಿಷಯ ಮೊದಲ ಸಭೆಯಲ್ಲೇ ಮಾತಾಡೋಣ ಎಂದಳು. ಡೆಸ್ಮಂಡ್ ಎತ್ತಿದ ಕೈಯಿಂದ ಕನ್ನಡಿ ಸರಿಮಾಡಿಕೊಂಡು, ಅವರ ಮಾತು ಮುಗಿಯುವವರೆಗೆ ಎಂಜಿನ್ ಆರಿಸಿ ಕಾದು ಕೂತ.