ಶಿವರಾಮು ಭಾವನ ಒಣ ಬೀಗರೂಟ

ನಮ್ಮ ಭಾವ ಶಿವರಾಮು ಒಣಗಿಸದೆ ಬಿಟ್ಟ ಪದಾರ್ಥ ಮಳವಳ್ಳಿ ತಾಲ್ಲೂಕಿನಲ್ಲಿ ಒಂದೇ ಒಂದು, ಅದು ಕೆರೆ ನೀರು. ಅದನ್ನು ಬಿಟ್ಟದ್ದೂ ಮಿಷನ್ನಿನ ತಟ್ಟೆಗಳಲ್ಲಿ ತೂತುಗಳಿದ್ದವು ಅಂತಲೇ ಹೊರತು ಮನಸ್ಸಿಲ್ಲದೆ ಅಲ್ಲ.

ನಾನು ಅವರ ಹೆಂಡತಿ ಶಶಿರೇಖಳ ತಮ್ಮ, ಮಹದೇವು. ಮದ್ದೂರಿನಲ್ಲಿ ಪೈಪು, ನಲ್ಲಿ, ಮೋಟಾರಿನ ಸಾಮಾನು ಮಾರುವ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕನ ಗಂಡನನ್ನು ಹೀಗೆ ಆಡಿಕೊಳ್ಳುವುದು ತಪ್ಪು ಎನ್ನುವವರಿದ್ದಾರೆ. ಅವರು ನಮ್ಮ ಭಾವನ ಮನೆಯಲ್ಲಿ ಒಂದು ಹೊತ್ತು ಉಂಡು ಬಂದು ಆಮೇಲೆ ಹೇಳಲಿ.

ಭಾವ ಕೆಲಸದಲ್ಲಿ ಇದ್ದಷ್ಟು ಕಾಲವೂ ಗೋದಾಮು ಕಾದವರು. ಭತ್ತದ ಮೂಟೆ, ಗೊಬ್ಬರದ ಮೂಟೆ, ಹಿಂಡಿ ಮೂಟೆ. ಇಲಿ, ಹುಳ, ಮಳೆನೀರು ಬಿಟ್ಟರೆ ಅವರಿಗೆ ಲೋಕದಲ್ಲಿ ಬೇರೆ ಶತ್ರುಗಳಿರಲಿಲ್ಲ. ನಿವೃತ್ತರಾದ ಮೇಲೆ ಕಾಯುವುದಕ್ಕೆ ಏನೂ ಸಿಗದೆ ಅಕ್ಕನ ಅಡುಗೆಮನೆಯನ್ನೇ ಗೋದಾಮು ಮಾಡಿಕೊಂಡರು. ಫ್ರಿಜ್ಜಿನಲ್ಲಿ ಅರ್ಧ ಟೊಮೆಟೊ ಕೊಳೆತಿದ್ದರೆ ಅಕ್ಕನನ್ನು ಕರೆದು ನಿಲ್ಲಿಸಿಕೊಂಡು ಪಂಚನಾಮೆ ಮಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಫೋನಿನೊಳಗೆ ಯಾರೋ ಒಬ್ಬ ತರಕಾರಿ ಒಣಗಿಸುವ ಮಿಷನ್ನು ತೋರಿಸಿಬಿಟ್ಟ. ಮೊದಲೇ ಮಂಗ, ಅದಕ್ಕೆ ಹೆಂಡ ಕುಡಿಸಿದ ಹಾಗಾಯಿತು.

ಮಿಷನ್ನು ಅಂದರೆ ಏನೂ ದೊಡ್ಡದಲ್ಲ. ಸಣ್ಣ ಬೀರುವಿನಂಥ ಪೆಟ್ಟಿಗೆ, ಒಳಗೆ ಜಾಲರಿ ತಟ್ಟೆಗಳು, ಹಿಂದೆ ಒಂದು ಫ್ಯಾನು. ಬಿಸಿಗಾಳಿ ಬೀಸಿ ತೇವ ತೆಗೆಯುತ್ತದೆ. ನಮ್ಮ ಅವ್ವಂದಿರು ಮಾಳಿಗೆಯ ಮೇಲೆ ಹಳೆ ಪಂಚೆ ಹಾಸಿ ಬಿಸಿಲಿನ ಕೈಯಲ್ಲಿ ಪುಕ್ಕಟೆ ಮಾಡಿಸುತ್ತಿದ್ದ ಕೆಲಸವನ್ನೇ ಇದು ಕರೆಂಟು ಕುಡಿದು ಮಾಡುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಮಿಷನ್ನಿನದು ಏನೂ ತಪ್ಪಿಲ್ಲ. ಅದರಲ್ಲಿ ಒಣಗಿದ ನುಗ್ಗೆಸೊಪ್ಪು, ಕರಿಬೇವು ಹಸಿರು ಹೋಗದೆ ಗರಿಗರಿಯಾಗಿದ್ದವು, ಮಳೆಗಾಲದಲ್ಲಿ ಅಕ್ಕನಿಗೆ ಉಪಯೋಗಕ್ಕೂ ಬಂದವು. ಭಾವ ಅಲ್ಲಿಗೇ ನಿಲ್ಲಿಸಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ.

ಅವರು ನಿಲ್ಲಿಸಲಿಲ್ಲ. ಮೊಸರು ಒಣಗಿಸಿದರು. ಬಾಳೆಹಣ್ಣು ಒಣಗಿಸಿದರು, ಅದು ಚಪ್ಪಲಿ ಅಂಗಡಿಯಲ್ಲಿ ಉಳಿದ ಚೂರಿನ ಹಾಗಾಯಿತು. ಉಳಿದ ಮುದ್ದೆಯನ್ನು ಬಿಲ್ಲೆ ಬಿಲ್ಲೆ ಕುಯ್ದು ಒಣಗಿಸಿ, ಬಿಸಿನೀರು ಹಾಕಿದರೆ ಮತ್ತೆ ಮುದ್ದೆಯಾಗುತ್ತದೆ ಅಂದರು. ಆಗಲಿಲ್ಲ. ಒಮ್ಮೆ ನಾನು ಅಕ್ಕನಿಗೆ ಇಷ್ಟ ಅಂತ ಮದ್ದೂರು ವಡೆ ಕಟ್ಟಿಸಿಕೊಂಡು ಹೋಗಿದ್ದೆ. ಪೊಟ್ಟಣ ಬಿಚ್ಚುವ ಮೊದಲೇ ಭಾವ ಕೈ ಹಾಕಿದರು.

"ರೇಖಾ, ಇದ್ರಲ್ಲಿ ನಾಕು ಆ ಕಡೆ ಎತ್ತಿಡು. ಟ್ರೇಗೆ ಆಕ್ತೀನಿ."

"ಭಾವ, ಅದು ಎಣ್ಣೇಲಿ ಬೆಂದು ಮೊದ್ಲೇ ಗಟ್ಟಿಯಾಗಿರೋದು. ಇನ್ನೇನ್ ಒಣಗಿಸ್ತೀರಿ ಅದ್ರಲ್ಲಿ?" ಅಂದೆ.

"ನಿಂಗೇನ್ಲಾ ಗೊತ್ತು ಮಾದೇವ. ಇನ್ನೆರ್ಡು ತಿಂಗ್ಳು ಇರ್ತದೆ."

ಇತ್ತು, ಇಲ್ಲ ಅನ್ನುವುದಿಲ್ಲ. ಎರಡು ತಿಂಗಳಾದ ಮೇಲೆ ಅದನ್ನು ಕಾಫಿಯ ಜೊತೆಗೆ ನನಗೇ ಕೊಟ್ಟರು.

ಈ ಹುಚ್ಚಾಟದ ನಡುವೆ ಅಕ್ಕನ ಒಬ್ಬನೇ ಮಗ ಸ್ವರೂಪನಿಗೆ ಮದುವೆ ಗೊತ್ತಾಯಿತು. ಹುಡುಗಿ ನಾಗಶ್ರೀ, ಮಂಡ್ಯ ತಾಲ್ಲೂಕಿನ ಬಸರಾಳಿನವಳು. ಒಳ್ಳೆ ಜನ, ಆದರೆ ಊಟದ ವಿಷಯದಲ್ಲಿ ನೆಂಟರೆಂದು ಮುಖ ನೋಡುವವರಲ್ಲ. ನಮ್ಮ ಕಡೆ ಮದುವೆಯ ದಿನ ಛತ್ರದಲ್ಲಿ ಎಷ್ಟು ಸಿಹಿ ಬಡಿಸಿದರೂ ಅದು ಲೆಕ್ಕಕ್ಕಿಲ್ಲ. ಆಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಹಾಕುವ ಬಾಡೂಟವೇ ಊಟ, ಅದೇ ಬೀಗರೂಟ. ಅದರಲ್ಲಿ ಸೈ ಅನ್ನಿಸಿಕೊಂಡ ಮನೆ ಸೈ. ಅಲ್ಲಿ ಹೆಸರು ಕೆಟ್ಟರೆ ಮೊಮ್ಮಕ್ಕಳ ಮದುವೆಯವರೆಗೂ ಅದೇ ಮಾತು.

ಅಕ್ಕನಿಗೆ ಇದೊಂದೇ ಆಸೆ ಉಳಿದಿತ್ತು. ಒಡವೆ, ಸೀರೆ, ಊರೂರು ತಿರುಗುವುದು, ಯಾವುದನ್ನೂ ಬಾಯಿ ಬಿಟ್ಟು ಕೇಳಿದವಳಲ್ಲ. ಕೇಳಿದ್ದರೂ ಭಾವ ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಮದುವೆಗೆ ಮೊದಲು ಒಂದು ದಿನ ನನ್ನ ಹತ್ತಿರ ಅಂದಳು:

"ಎಲ್ರ ಮನೆ ಬೀಗರೂಟಾನೂ ಉಂಡಿವ್ನಿ ಕಣ್ಲಾ. ಉಂಡಾಗೆಲ್ಲ ಒಂದಿನ ನಾನೂ ಇಂಗೆ ಇಕ್ಬೇಕು ಅಂತ ಅನ್ಕಂಡೇ ಉಂಡಿರೋದು. ಬಂದೋರು ಶಶಿರೇಖನ ಕೈ ಊಟ ಅಂತ ಅನ್ಬೇಕು. ಅಷ್ಟಾದ್ರೆ ಸಾಕು ನಂಗೆ."

ಅಷ್ಟನ್ನೂ ಆಗಗೊಡದವರು ನಮ್ಮ ಭಾವ.

ಅವರು ಅದಕ್ಕೆ ಶ್ರಾವಣದಲ್ಲೇ ಕತ್ತಿ ಮಸೆದಿದ್ದರು. ಶ್ರಾವಣ ಬಂತೆಂದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಬಾಡು, ಅಂದರೆ ಮಾಂಸ, ಬೇಯುವುದಿಲ್ಲ. ಅಕ್ಕನ ಮನೆಯವರಂತೂ ಮುತ್ತತ್ತಿರಾಯನ, ಅಂದರೆ ಹೊಳೆದಂಡೆಯ ಮುತ್ತತ್ತಿ ಆಂಜನೇಯನ ಒಕ್ಕಲು, ತಿಂಗಳು ಪೂರ್ತಿ ಮುಟ್ಟುವ ಹಾಗಿಲ್ಲ. ಕೊಳ್ಳುವವರಿಲ್ಲದೆ ಬಾಡಿನಂಗಡಿಯ ಚಿಕ್ಕಣ್ಣ ನೊಣ ಹೊಡೆಯುತ್ತಾ ಕೂತಿದ್ದ. ಭಾವ ಹೋಗಿ ಒಳ್ಳೊಳ್ಳೆಯ ತುಂಡನ್ನೆಲ್ಲ ಆರಿಸಿ, ತೆಳ್ಳಗೆ ಪಟ್ಟಿ ಪಟ್ಟಿ ಕೊಯ್ಯಿಸಿಕೊಂಡು ತರುತ್ತಿದ್ದರು. ಮೂಳೆ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ ಅಂತ ಅದನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಅಕ್ಕ ರಂಪ ಮಾಡಿದಳು.

"ಸ್ರಾವಣದಲ್ಲಿ ಮನೆಯೊಳಕ್ಕೆ ಬಾಡು ತತ್ತೀರಲ್ಲ, ನಿಮ್ಗೇನ್ ಬಂದಿರೋದು?"

"ಸ್ರಾವಣದಲ್ಲಿ ತಿನ್ಬಾರ್ದು ಅಂತ ಐತೆ. ಒಣಗಿಸ್ಬಾರ್ದು ಅಂತ ಎಲ್ಲೈತೆ, ತೋರ್ಸು ನೋಡವ."

ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೆ? ಮಿಷನ್ನು ಮನೆಯೊಳಗೆ ಬೇಡ ಅಂತ ಹೇಳಿ ಅದನ್ನು ಕಾರು ನಿಲ್ಲಿಸುವ ಶೆಡ್ಡಿಗೆ ಸಾಗಿಸುವುದರಲ್ಲಿ ಮಾತ್ರ ಅಕ್ಕ ಗೆದ್ದಳು. ಉಪ್ಪುಕಂಡ ಮಾಡಿಡುತ್ತಿದ್ದಾರೆ, ಮನೆ ಖರ್ಚಿಗೆ ಆಗುತ್ತದೆ ಅಂತ ಸುಮ್ಮನಾದಳು. ಬಾಡಿಗೆ ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ ಒಲೆಯ ಮೇಲೆ ಒಣಗಲು ಬಿಡುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ತರಕಾರಿ ಇಲ್ಲದ ದಿನ ಅದನ್ನು ಸುಟ್ಟುಕೊಂಡು ಮುದ್ದೆ ನುಂಗುತ್ತಾರೆ. ಆದರೆ ಅದನ್ನು ಬೀಗರಿಗೆ ಬಡಿಸಿದ ಗಂಡಸು ಆವರೆಗೆ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ.

ಮದುವೆ ಕಾರ್ತಿಕದ ಕೊನೆಯಲ್ಲಿ ಆಯಿತು, ಮುಂದಿನ ಭಾನುವಾರ ಬೀಗರೂಟ. ಅಂಗಳಕ್ಕೆ ಶಾಮಿಯಾನ ಹಾಕಿತ್ತು. ಅಕ್ಕ ಅಡುಗೆಯವರನ್ನು ಬೇಡ ಅಂದು, ಬೀದಿಯ ಹೆಂಗಸರನ್ನು ಸೇರಿಸಿಕೊಂಡು ತಾನೇ ನಿಂತಿದ್ದಳು. ಕಾಯಿ ತುರಿದಿತ್ತು, ಮಸಾಲೆ ರುಬ್ಬಿತ್ತು, ದೊಡ್ಡ ಪಾತ್ರೆಯಲ್ಲಿ ಎಸರು ಕುದಿಯುತ್ತಿತ್ತು. ಬಾಡು ಮಾತ್ರ ಬಂದಿರಲಿಲ್ಲ. ಕೇಳಿದಾಗೆಲ್ಲ ಭಾವ "ಬತ್ತದೆ, ಬತ್ತದೆ" ಅನ್ನುತ್ತಿದ್ದರು. ಬೀಗರ ವ್ಯಾನು ಮಂಡ್ಯ ದಾಟಿತು ಅಂತ ಫೋನು ಬಂದ ಮೇಲೆ ಮಹಡಿಯಿಂದ ಒಂದು ನೀಲಿ ಡ್ರಮ್ಮನ್ನು ಇಳಿಸಿಕೊಂಡು ಬಂದರು. ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿದ್ದರಂತೆ. ಒಳಗೆ ಶ್ರಾವಣದ ಬಾಡು ಕಂದು ಬಣ್ಣಕ್ಕೆ ತಿರುಗಿ, ಹಳೆ ಬೆಲ್ಟಿನ ತುಂಡುಗಳ ಹಾಗೆ ತೇಲುತ್ತಿತ್ತು.

"ಬೀಗ್ರು ಇಂಥದ್ನ ಜನ್ಮದಲ್ಲಿ ಕಂಡಿರಾಕಿಲ್ಲ, ನೋಡ್ತಿರು," ಅಂದರು.

ಅಕ್ಕ ಡ್ರಮ್ಮಿನೊಳಗೆ ನೋಡಿದಳು. ಸೌದೆಯ ರಾಶಿಯ ಮೇಲೆ ಕುಸಿದು ಕೂತುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಬೈಕು ಹತ್ತಿ ಚಿಕ್ಕಣ್ಣನ ಅಂಗಡಿಗೆ ಓಡಿದೆ. ಅವನು ಕಟ್ಟೆ ತೊಳೆಯುತ್ತಿದ್ದ.

"ನಿಮ್ಗೇ ಅಂತ ಎರ್ಡು ಮರಿ ಇಟ್ಟಿದ್ದೆ ಕಣಣ್ಣ. ಶಿವರಾಮಣ್ಣೋರು ಬೇಡ ಅಂದ್ರು, ಬೇರೆಯೋರ್ಗೆ ಕೊಟ್ಬುಟ್ಟೆ," ಅಂದ. ಮದುವೆಗಳ ಕಾಲದ ಭಾನುವಾರ, ಬೇರೆ ಅಂಗಡಿಗಳಲ್ಲೂ ಖಾಲಿ ಕೊಕ್ಕೆಗಳು ತೂಗುತ್ತಿದ್ದವು. ಬರಿಗೈಯಲ್ಲಿ ವಾಪಸ್ಸು ಬಂದೆ.

ಅಷ್ಟರಲ್ಲಿ ಅಕ್ಕ ಎದ್ದು, ಕಣ್ಣೊರೆಸಿಕೊಂಡು, ಆ ಬಾಡನ್ನೇ ಒಲೆಗೆ ಏರಿಸಿದ್ದಳು. ಸಾರು ಅದ್ಭುತವಾಗಿತ್ತು, ಅದು ಅಕ್ಕನ ಕೈ. ಬಾಡು ಮಾತ್ರ ಭಾವನ ತಲೆಯಷ್ಟೇ ಗಟ್ಟಿಯಾಗಿ ಉಳಿದಿತ್ತು.

ಬಾಡೂಟದ ಪಂಕ್ತಿಯಲ್ಲಿ ಸದ್ದು ಇರಬೇಕು. ಮೂಳೆ ಚೀಪುವ ಸದ್ದು, ಇನ್ನೊಂದು ಸೌಟು ತನ್ನಿ ಅನ್ನುವ ಸದ್ದು. ಅವತ್ತು ಬರೀ ದವಡೆಗಳು ಆಡುತ್ತಿದ್ದವು. ಅಗಿದರು, ಅಗಿದರು, ನುಂಗಲೂ ಆಗದೆ ಉಗಿಯಲೂ ಆಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಗಶ್ರೀಯ ದೊಡ್ಡಪ್ಪ ಮರಿಸಿದ್ದಯ್ಯ ಆ ಕಡೆಯ ಯಜಮಾನರು, ನಮ್ಮಲ್ಲಿ ಅಂಥವರ ಎಲೆಗೆ ಮೊದಲು ಮಜ್ಜೆ ತುಂಬಿದ ನಲ್ಲಿಮೂಳೆ ಬೀಳಬೇಕು. ಅವರು ಬೆರಳಿನಿಂದ ಅನ್ನ ಕೆದಕಿ ಕೆದಕಿ ಹುಡುಕಿದರು.

"ಬೀಗ್ರೇ," ಅಂದರು, "ಮೂಳೆಗೋಳೆಲ್ಲ ಯಾರ ಮನೆಗೋದೊ?"

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಬೇಕಾದವರಿಗೆ ಮೊದಲೇ ಉಣಿಸಿ, ಉಳಿದದ್ದನ್ನು ನಮಗೆ ಹಾಕಿದ್ದೀರಿ ಎಂದು ಮುಖಕ್ಕೇ ಹೇಳಿದ ಹಾಗೆ. ಪಂಕ್ತಿಯಲ್ಲಿ ಎಲ್ಲರ ಕೈಯೂ ನಿಂತಿತು. ತಪ್ಪಾಯಿತು ಅಂದಿದ್ದರೆ ಮುಗಿದುಹೋಗುತ್ತಿತ್ತು. ನಮ್ಮ ಭಾವ ಆ ಪದವನ್ನೂ ಯಾವಾಗಲೋ ಒಣಗಿಸಿ ಡಬ್ಬಿಗೆ ಹಾಕಿದ್ದರು. ಪಂಕ್ತಿಯ ನಡುವೆ ನಿಂತು ಭಾಷಣ ಶುರುಮಾಡಿದರು.

"ಮೂಳೆ ವೇಸ್ಟು ಬೀಗ್ರೇ. ಇದು ಪೂರ್ತಿ ಬಾಡು. ಸ್ರಾವಣದಲ್ಲೇ ಮಿಷನ್ನಿಗೆ ಆಕಿ ಒಣಗಿಸಿದ್ದು, ಇನ್ನಾರು ತಿಂಗ್ಳು ಇಟ್ರೂ ಏನೂ ಆಗಾಕಿಲ್ಲ."

"ಸ್ರಾವಣದ್ದಾ?" ಅಂದರು ಮರಿಸಿದ್ದಯ್ಯ. ಬಾಯಲ್ಲಿದ್ದುದನ್ನು ಮೆಲ್ಲಗೆ ಎಲೆಯ ಪಕ್ಕಕ್ಕೆ ಇಟ್ಟರು. ಎರಡೂ ಕೈ ಮೇಜಿನ ಮೇಲೆ ಊರಿದರು. ಅವರು ಎದ್ದರೆ ಪಂಕ್ತಿಯೇ ಏಳುತ್ತದೆ. ಪಂಕ್ತಿ ಎದ್ದರೆ ಸಂಬಂಧ ಅಲ್ಲಿಗೆ ಮುರಿದ ಹಾಗೇ ಸೈ. ಮಜ್ಜಿಗೆ ಜಗ್ಗು ಹಿಡಿದು ನಿಂತಿದ್ದ ನಾಗಶ್ರೀಗೆ ತವರಿನ ಕಡೆ ನೋಡಬೇಕೋ ಅತ್ತೆಯ ಕಡೆ ನೋಡಬೇಕೋ ತಿಳಿಯಲಿಲ್ಲ.

ಅಕ್ಕ ಸೌಟನ್ನು ನನ್ನ ಕೈಗೆ ಕೊಟ್ಟು, ಮರಿಸಿದ್ದಯ್ಯನವರ ಎದುರಿನ ಕುರ್ಚಿ ಎಳೆದು ಕೂತಳು. ಬಡಿಸುವವಳು ಬೀಗರ ಎದುರು ಹಾಗೆ ಕೂರುವುದು ನಮ್ಮಲ್ಲಿಲ್ಲ.

"ಅಣ್ಣ, ಏಳ್ಬೇಡಿ. ಇದು ಊಟ ಅಲ್ಲ ಅಂತ ನಂಗೂ ಗೊತ್ತು. ನನ್ ಮಗನ ಬೀಗರೂಟ ಇನ್ನೂ ಆಗಿಲ್ಲ ಅಂತ ತಿಳ್ಕಳಿ. ಬರೋ ಬಾನುವಾರ ಮುತ್ತತ್ತಿಗೆ ಬನ್ನಿ, ನಾನು ಇಕ್ತೀನಿ. ಇವತ್ತು ನನ್ ಮುಖ ನೋಡಿ ಮಜ್ಜಿಗೆ ಅನ್ನ ಉಂಡು ಓಗಿ."

ಮರಿಸಿದ್ದಯ್ಯ ಅವಳನ್ನೇ ನೋಡಿದರು. ಆಮೇಲೆ ಮೇಜಿನಿಂದ ಕೈ ತೆಗೆದರು.

"ನೀನು ಕರುದ್ರೆ ಬತ್ತೀವಿ ಕಣವ್ವ. ನಿನ್ ಯಜಮಾನ್ರು ಕರುದ್ರೆ ಮಾತ್ರ ಅಲ್ಲು ಗಟ್ಟಿ ಇರೋರ್ನ ಆರ್ಸಿ ಕಳುಸ್ತೀವಿ."

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅಕ್ಕ ನಗಲಿಲ್ಲ. ಜಗ್ಗನ್ನು ಸೊಸೆಯ ಕೈಯಿಂದ ತಗೊಂಡು ಒಬ್ಬೊಬ್ಬರಿಗೂ ಮಜ್ಜಿಗೆ ಬಿಟ್ಟುಕೊಂಡು ಹೋದಳು.

ಆ ವಾರವೆಲ್ಲ ಅಕ್ಕ ಭಾವನ ಹತ್ತಿರ ಊಟಕ್ಕೆ ಏಳಿ ಅನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಮರಿ ಆರಿಸಲು ನನ್ನ ಜೊತೆ ತಾನೇ ಬಂದಳು. ಭಾನುವಾರ ಮುತ್ತತ್ತಿಯಲ್ಲಿ ಆಂಜನೇಯನಿಗೆ ಕೈಮುಗಿದು, ಅಲ್ಲಿಗೆ ಬರುವ ಒಕ್ಕಲಿನವರ ವಾಡಿಕೆಯಂತೆ ಹೊಳೆದಂಡೆಯಲ್ಲಿ ಮರದ ಕೆಳಗೆ ಬಾಡೂಟಕ್ಕೆ ಒಲೆ ಹೂಡಿದೆವು. ಭಾವನನ್ನು ಈರುಳ್ಳಿ ಸುಲಿಯಲು ಕೂರಿಸಿದೆವು. ಡಬ್ಬಿಯಲ್ಲಿ ಒಣಗಿಸಿದ್ದು ಇದೆಯಲ್ಲ ಅಂತ ಒಂದು ಸಲ ಅಂದರು, ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಊಟದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಬಾಯಲ್ಲಿ ನೀರು ಬರುತ್ತದೆ. ಮರಿಸಿದ್ದಯ್ಯ ಮೂರು ಸಲ ಸಾರು ಹಾಕಿಸಿಕೊಂಡರು. ಕೈ ತೊಳೆಯಲು ಹೊಳೆಗೆ ಇಳಿಯುತ್ತಾ ತಮ್ಮವರಿಗೆ, "ಊಟ ಅಂದ್ರೆ ಶಶಿರೇಖಮ್ಮನ ಕೈದು ಕಣ್ರಪ್ಪ," ಅಂದರು. ಅಕ್ಕ ಕೇಳಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದಳು.

ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಒಂದಿಷ್ಟು ಬಾಡು ಉಳಿದಿತ್ತು. ಭಾವ ಸುತ್ತ ಎರಡು ಸಲ ಸುಳಿದಾಡಿದರು. ಕೊನೆಗೆ ತಡೆಯಲಾಗದೆ ಮುಚ್ಚಳ ತಂದರು.

"ರೇಖಾ, ಇಷ್ಟೊಂದು ಮಿಕ್ಕದೆ. ಮನೆಗೆ ಒಯ್ದು ಸಂಜೆಗೇ ಟ್ರೇಗೆ ಆಕುದ್ರೆ..."

ಮಾತು ಅಲ್ಲಿಗೇ ನಿಂತಿತು, ಯಾಕೆಂದರೆ ಎಲ್ಲರೂ ಅಕ್ಕನ ಕಡೆ ತಿರುಗಿದ್ದರು. ಅಕ್ಕ ಸೌಟು ಕೈಗೆ ತಗೊಂಡಳು. ಪಕ್ಕದ ಮರದ ಕೆಳಗೆ ಬೇರೆ ಊರಿನಿಂದ ಟೆಂಪೊದಲ್ಲಿ ಬಂದಿದ್ದವರನ್ನು ಕೂಗಿದಳು. ದಂಡೆಯಲ್ಲಿ ಕೂತಿದ್ದ ತೆಪ್ಪದವರನ್ನೂ ಕರೆದಳು. ಎಲೆ ತಂದವರಿಗೆ ಎಲೆಗೆ, ಡಬ್ಬಿ ತಂದವರಿಗೆ ಡಬ್ಬಿಗೆ, ತುಂಬಿಸಿ ತುಂಬಿಸಿ ಹಾಕಿದಳು. ತಳದಲ್ಲಿದ್ದ ಸಾರನ್ನೂ ಬಳಿದು ಬಡಿಸಿದಳು. ಆಮೇಲೆ ಬರಿದಾದ ಪಾತ್ರೆಯನ್ನು ಎತ್ತಿ ಭಾವನ ಕೈಗೆ ಕೊಟ್ಟಳು.

"ಔತಣ ಅಂದ್ರೆ ಮುಗೀಬೇಕು ಕಣ್ರೀ. ಮುಗುದ್ರೇನೇ ಅದು ಇಕ್ದಂಗೆ. ಓಗಿ, ತೊಳ್ಕಂಬನ್ನಿ."

ಭಾವ ಪಾತ್ರೆಯೊಳಗೆ ಇಣುಕಿ ನೋಡಿದರು. ಒಂದು ಚೂರೂ ಇರಲಿಲ್ಲ. ಪಾತ್ರೆ ಹೊತ್ತುಕೊಂಡು ಹೊಳೆಗೆ ಇಳಿದರು.