ಇಡ್ಲಿ ಆವಿಗೆ ಬೆಂಕಿ ಹತ್ತುತ್ತಾ?

ಭುಸ್ ಅಂತ ಸೀರೆಗೆ ಬೆಂಕಿ ಹತ್ತಿದಾಗ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ.

ಆದರೂ ತಪ್ಪು ನನ್ನದೇ ಅಂತ ತೀರ್ಮಾನವಾಗಲು ಹೊತ್ತೇನೂ ಹಿಡಿಯಲಿಲ್ಲ!

ತೊಂಬತ್ತರ ದಶಕದ ಮಾತು. ಶಿವಮೊಗ್ಗದಲ್ಲಿ ಕೆಮಿಸ್ಟ್ರಿ ಓದಿ ಬಿ.ಎಸ್ಸಿ. ಮುಗಿಸಿದವಳು, ಮದುವೆಯಾಗಿ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ಗೆ ಬಂದಿದ್ದೆ. ತಿಂಗಳೂ ಆಗಿರಲಿಲ್ಲ.

ನಾದಿನಿಯ ರೇಷ್ಮೆ ಸೀರೆಗೆ ಎಣ್ಣೆ ಕಲೆಯಾಗಿತ್ತು. ಮಾವನ ಮೊಪೆಡ್‌ನಿಂದ ಬಟ್ಟಲಿಗೆ ಪೆಟ್ರೋಲ್ ಬಗ್ಗಿಸಿಕೊಂಡು, ಹಾಲ್‌ನಲ್ಲಿ ನೆಲದ ಮೇಲೆ ಸೀರೆ ಹರಡಿ, ಹತ್ತಿಯಲ್ಲಿ ಉಜ್ಜುತ್ತಾ ಕೂತಿದ್ದಾಳೆ.

ಆಚೆ ಮೂಲೆಯಲ್ಲಿ ದೇವರ ದೀಪ. ಅದು ಆರಬಾರದು ಅಂತ ಕಿಟಕಿ ಬೇರೆ ಮುಚ್ಚಿದ್ದಾಳೆ...

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ದೀಪ ಮುಟ್ಟಿದೆ.

ಪುಣ್ಯಕ್ಕೆ ಅವಳ ಕೈಗೆ ಬೊಬ್ಬೆ ಬಂದದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಸೀರೆ ಹೋಯಿತು.

ಅತ್ತೆ ಓಡಿ ಬಂದವರೇ ನನ್ನ ಕಡೆ ತಿರುಗಿದರು. "ಗ್ಯಾಸ್ ಆಫ್ ಮಾಡಿದ್ಯೇನೇ?"

"ಮಾಡಿದೀನಿ ಅತ್ತೆ. ಇದು ಗ್ಯಾಸ್ ಅಲ್ಲ, ಪೆಟ್ರೋಲ್ ಆವಿ."

"ಪೆಟ್ರೋಲ್ ಇಲ್ಲಿದೆ, ದೀಪ ಅಲ್ಲಿದೆ. ಆವಿ ಅಂತೆ! ಇಡ್ಲಿ ಪಾತ್ರೆಲಿ ದಿನಾ ಬರುತ್ತಲ್ಲ ಆವಿ, ಅದಕ್ಕೆ ಎಲ್ಲಾದ್ರೂ ಬೆಂಕಿ ಹತ್ತುತ್ತಾ ಮಾರಾಯ್ತಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಇಡ್ಲಿಯದು ನೀರಿನ ಆವಿ, ಇದು ಪೆಟ್ರೋಲಿನದು. ಗಾಳಿಯಲ್ಲಿರುವ ಆಮ್ಲಜನಕವನ್ನು ನಮ್ಮೂರಿನ ಹವೆಯಲ್ಲಿ ಎಷ್ಟು ಅದುಮಿದರೂ ದ್ರವವಾಗುವುದಿಲ್ಲ, ಅದು ಅನಿಲ. ಅದುಮಿದರೆ ಸಾಕು, ಮತ್ತೆ ದ್ರವವಾಗುವುದು ಆವಿ. ಹಾಗೆ ನೋಡಿದರೆ ಸಿಲಿಂಡರ್‌ನಲ್ಲಿ ಕುಲುಕುವುದೂ ದ್ರವವೇ, ಒಲೆಗೆ ಬರುವುದು ಅದರ ಆವಿಯೇ ಅಂತ ಶುರುಮಾಡಿದೆ.

"ಸಾಕು, ಗ್ಯಾಸ್ ಬಿಡ್ಬೇಡ" ಅಂದುಬಿಟ್ಟರು ನಮ್ಮ ಯಜಮಾನರು.

ನಾದಿನಿ ಕೈಗೆ ಊದಿಕೊಳ್ಳುತ್ತಾ ಕೂತಳು. ನಾನು ಒಲೆ ಆಫ್ ಮಾಡಿದ್ದನ್ನು ಅವಳೇ ನೋಡಿದ್ದಳು. ಕಮಕ್ ಕಿಮಕ್ ಅನ್ನಲಿಲ್ಲ.

ಏಜೆನ್ಸಿಯವನು ಬಂದು ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡಿ, ಲೀಕೇ ಇಲ್ಲ ಅಂದ. ನಾನು ಗೆದ್ದೆ ಅಂದುಕೊಂಡೆ. "ಹಾಗಾದ್ರೆ ಇವಳೇ ಒಲೆ ಆಫ್ ಮಾಡದೆ ಬಿಟ್ಟಿದ್ದಾಳೆ" ಅಂದರು ಅತ್ತೆ!

ಮೊನ್ನೆ ನನ್ನ ಹೊಸ ಸೊಸೆ ಅಡುಗೆಮನೆಗೆ ಕಾಲಿಟ್ಟಳು. ಅತ್ತೆ ಕೂತಲ್ಲಿಂದಲೇ ಕೂಗಿದರು. "ಗ್ಯಾಸ್ ಆಫ್ ಮಾಡೋದು ಮರೀಬೇಡಮ್ಮ. ನಿಮ್ಮತ್ತೆ ಒಂದ್ಸಲ ಮರೆತು ಮನೇನೇ ಸುಡೋಳಿದ್ಲು."

ನಾದಿನಿ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದಾಳೆ. ಕೈಮೇಲೆ ಆ ಗುರುತು ಇನ್ನೂ ಇದೆ. ಈಗಲೂ ಬಾಯಿ ಬಿಡಲಿಲ್ಲ.

ನೀವೇ ಹೇಳಿ, ನನ್ನ ಹೆಸರಿಗೆ ಹತ್ತಿದ ಈ ಕಲೆಯನ್ನು ಯಾವ ಪೆಟ್ರೋಲ್ ಹಾಕಿ ಉಜ್ಜಲಿ?